ದಾರ, ತೂತು, ಅರ್ಥ: ಲೇಸ್ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಲೇಸ್ ಹೆಣೆಯುವುದನ್ನು ಕಲಿಯತೊಡಗಿದ ದಿನದಿಂದ ಜನ ನನ್ನನ್ನು ಅದರ ಬಗ್ಗೆ ಕೇಳುತ್ತಲೇ ಇದ್ದಾರೆ. ಕೆಲವರು ಪತ್ರ ಬರೆದು ಕೇಳುತ್ತಾರೆ, ಕೆಲವರು ಪಕ್ಕದಲ್ಲಿ ಕುಳಿತು ನನ್ನ ಕೈ ನೋಡುತ್ತಲೇ ಕೇಳುತ್ತಾರೆ. ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಸುಲಭವಾದವು ಮೊದಲು, ಕಷ್ಟದವು ಕೊನೆಗೆ. ಯಾವ ಪ್ರಶ್ನೆಯಿಂದ ಬೇಕಾದರೂ ಓದಲು ಶುರುಮಾಡಬಹುದು.

## ಮೊದಲ ಪರಿಚಯ

ಲೇಸ್ ಎಂದರೆ ಏನು? ತೂತು ತೂತಾಗಿರುವ ಬಟ್ಟೆಯೆಲ್ಲ ಲೇಸೇ?

ಅಲ್ಲ. ನೇಯ್ದ ಬಟ್ಟೆಯಲ್ಲಿ ಹಾಸು ಹೊಕ್ಕುಗಳು ಸೇರಿ ಒಂದು ಮೈ ಮೊದಲೇ ಸಿದ್ಧವಾಗಿರುತ್ತದೆ. ಆ ಮೈಯ ಮೇಲೆ ಸೂಜಿಯಿಂದ ಹೂ ಬಳ್ಳಿ ಬಿಡಿಸಿದರೆ ಅದು ಕಸೂತಿ. ಅದನ್ನೇ ಅಲ್ಲಲ್ಲಿ ಕತ್ತರಿಸಿ, ಕತ್ತರಿಸಿದ ಅಂಚನ್ನು ಹೊಲಿದು ಭದ್ರಪಡಿಸಿದರೆ ಕಟ್‌ವರ್ಕ್. ಲೇಸಿಗೆ ಮಾತ್ರ ಆಧಾರವಾಗಿ ಯಾವ ಬಟ್ಟೆಯೂ ಇಲ್ಲ. ಬರಿಯ ದಾರ ತನ್ನನ್ನು ತಾನೇ ಸುತ್ತಿಕೊಂಡು, ಗಂಟು ಹಾಕಿಕೊಂಡು, ದಾಟಿಕೊಂಡು ಮೈಯನ್ನೂ ಚಿತ್ರವನ್ನೂ ಒಟ್ಟಿಗೆ ಕಟ್ಟುತ್ತದೆ. ಹಾಗಾಗಿ ಹೆಣೆಯುವವರು ದಾರ ಎಲ್ಲಿ ಹೋಗಬೇಕು ಎಂದು ಯೋಚಿಸುವಷ್ಟೇ ಎಲ್ಲಿ ಹೋಗಬಾರದು ಎಂದೂ ಯೋಚಿಸಬೇಕಾಗುತ್ತದೆ. ಲೇಸಿನ ಒಂದೊಂದು ತೂತೂ ಯಾರೋ ಅಳೆದು ಬಿಟ್ಟ ಜಾಗ.

ಶೂ ಕಟ್ಟುವ ಲೇಸಿಗೂ ಈ ಲೇಸಿಗೂ ಏನಾದರೂ ಸಂಬಂಧ ಇದೆಯೇ?

ಇದೆ, ಎರಡೂ ಒಂದೇ ಪದ. ಲ್ಯಾಟಿನ್ನಿನಲ್ಲಿ 'ಲಾಕ್ವೆಯುಸ್' ಎಂದರೆ ಕುಣಿಕೆ, ಬೇಟೆಗೆ ಒಡ್ಡುವ ಉರುಲು. ಅದು ಹಳೆಯ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದು ಮೊದಲು ಕಟ್ಟುವ ಹುರಿ ಎಂಬ ಅರ್ಥ ಪಡೆಯಿತು, ಆಮೇಲೆ ಹುರಿಯಿಂದ ಹೆಣೆದ ಅಲಂಕಾರಕ್ಕೂ ಅದೇ ಹೆಸರಾಯಿತು. ಬೇರೆ ಭಾಷೆಗಳು ಬೇರೆ ಕಡೆಯಿಂದ ನೋಡಿವೆ. ಫ್ರೆಂಚರು ಇದನ್ನು 'ದಾಂತೆಲ್', ಅಂದರೆ ಪುಟ್ಟ ಹಲ್ಲು ಎಂದು ಕರೆದರು. ಅವರ ಕಣ್ಣು ಬಿದ್ದದ್ದು ಹಲ್ಲುಹಲ್ಲಾದ ಅಂಚಿನ ಮೇಲೆ. ಜರ್ಮನ್ನರ 'ಸ್ಪಿಟ್ಸೆ' ಎಂದರೆ ಮೊನೆ. ನಮ್ಮ ಕಿವಿಗೆ 'ಲೇಸ್' ಎಂದೊಡನೆ 'ಲೇಸು' ನೆನಪಾಗುವುದು ಬರೀ ಕಾಕತಾಳೀಯ. ಆದರೂ ಆ ಹೊಂದಿಕೆ ನನಗೆ ಇಷ್ಟ.

ಕ್ರೋಶಾ ಹಾಕಿದ್ದನ್ನು ಲೇಸ್ ಎನ್ನಬಹುದೇ?

ಎನ್ನಬಹುದು. ಕೈಯಲ್ಲಿ ಮಾಡುವ ಲೇಸಿಗೆ ಎರಡು ಹಿರಿಯ ದಾರಿಗಳಿವೆ. ಮೊದಲನೆಯದು ಸೂಜಿ ಲೇಸ್: ಒಂದೇ ಸೂಜಿ, ಒಂದೇ ದಾರ, ಅಂಗಿಯ ಕಾಜಾಕ್ಕೆ ಹಾಕುವಂಥದ್ದೇ ಹೊಲಿಗೆ ಸಾವಿರ ಸಾವಿರ ಸಲ. ಎರಡನೆಯದು ಬಾಬಿನ್ ಲೇಸ್: ಬಾಬಿನ್ ಎಂಬ ಪುಟ್ಟ ಕಡ್ಡಿಗಳಿಗೆ ಸುತ್ತಿದ ಹತ್ತಾರು, ಕೆಲವೊಮ್ಮೆ ನೂರಾರು ದಾರಗಳನ್ನು ದಿಂಬಿನ ಮೇಲೆ ಜಡೆಯಂತೆ ಹೆಣೆಯುವುದು. ಕ್ರೋಶಾ ಕಡ್ಡಿಯಲ್ಲಿ ಕುಣಿಕೆಯೊಳಗೆ ಕುಣಿಕೆ ಎಳೆದು ಮಾಡುವುದು, ಪುಟ್ಟ ಲಾಳಿಯಲ್ಲಿ ಗಂಟು ಹಾಕುತ್ತಾ ಮಾಡುವ ಟ್ಯಾಟಿಂಗ್, ಸಣ್ಣ ನೂಲಿನ ಹೆಣಿಗೆ ಇವೆಲ್ಲ ಕಿರಿಯ ದಾರಿಗಳು. ಕಿರಿಯವು ಎಂದರೆ ಕಡಿಮೆಯವು ಎಂದಲ್ಲ. 1840ರ ದಶಕದ ಭೀಕರ ಬರಗಾಲದಲ್ಲಿ ಐರ್ಲೆಂಡಿನ ಎಷ್ಟೋ ಕುಟುಂಬಗಳಿಗೆ ಅನ್ನ ಹುಟ್ಟಿಸಿದ್ದು ಕಾನ್ವೆಂಟುಗಳಲ್ಲಿ ಕಲಿಸಿದ ಕ್ರೋಶಾ ಲೇಸೇ.

ಇದು ಎಲ್ಲಿ, ಯಾವಾಗ ಹುಟ್ಟಿತು?

ಜಾಲರಿ ಹೆಣೆಯುವುದು ಮನುಷ್ಯನಿಗೆ ತೀರಾ ಹಳೆಯ ವಿದ್ಯೆ, ಮೀನಿನ ಬಲೆಯಷ್ಟು ಹಳೆಯದು. ನಾವಿಂದು ಲೇಸ್ ಎನ್ನುವ ಕಲೆ ರೂಪುಗೊಂಡದ್ದು 16ನೇ ಶತಮಾನದ ಯೂರೋಪಿನಲ್ಲಿ, ಮುಖ್ಯವಾಗಿ ವೆನಿಸ್‌ನಲ್ಲಿ ಮತ್ತು ಇಂದಿನ ಬೆಲ್ಜಿಯಂ ಕಡೆಯ ಫ್ಲ್ಯಾಂಡರ್ಸ್ ಸೀಮೆಯಲ್ಲಿ. ಮೊದಲು ಲಿನನ್ ಬಟ್ಟೆಯಿಂದ ಎಳೆಗಳನ್ನು ತೆಗೆದು, ಉಳಿದ ಎಳೆಗಳ ಚೌಕಟ್ಟಿನೊಳಗೆ ಹೊಲಿಗೆ ತುಂಬುತ್ತಿದ್ದರು. ವರ್ಷ ಕಳೆದಂತೆ ತೆಗೆಯುವ ಎಳೆಗಳು ಹೆಚ್ಚಾಗಿ, ಉಳಿಯುವ ಬಟ್ಟೆ ಕಡಿಮೆಯಾಗುತ್ತ ಹೋಯಿತು. ಕೊನೆಗೊಂದು ದಿನ ಬಟ್ಟೆಯೇ ಬೇಡವೆಂದು ಬಿಟ್ಟುಬಿಟ್ಟರು. ವೆನಿಸ್‌ನವರು ಅದನ್ನು 'ಪುಂತೋ ಇನ್ ಆರಿಯಾ' ಎಂದು ಕರೆದರು: ಗಾಳಿಯಲ್ಲಿ ಹಾಕಿದ ಹೊಲಿಗೆ. ಒಂದು ಕಸುಬಿಗೆ ಇದಕ್ಕಿಂತ ಒಪ್ಪುವ ಹೆಸರನ್ನು ನಾನು ಕೇಳಿಲ್ಲ. 1557ರ ಹೊತ್ತಿಗೆ ವೆನಿಸಿನಲ್ಲಿ ಬಾಬಿನ್ ಲೇಸಿನ ಮಾದರಿಗಳ ಪುಸ್ತಕ ಅಚ್ಚಾಗಿತ್ತು.

## ಕೈ ಮತ್ತು ಯಂತ್ರ

ಬಾಬಿನ್ ಲೇಸ್ ಮಾಡುವುದನ್ನು ನೋಡಿದರೆ ತಲೆ ತಿರುಗುತ್ತದೆ. ಅಷ್ಟೊಂದು ದಾರಗಳ ಲೆಕ್ಕ ಹೇಗೆ ಇಡುತ್ತಾರೆ?

ಲೆಕ್ಕ ಇಡುವುದಿಲ್ಲ ಎನ್ನುವುದೇ ಗುಟ್ಟು. ಕೈಗೆ ಗೊತ್ತಿರಬೇಕಾದ ಚಲನೆ ಎರಡೇ. ನಾಲ್ಕು ಬಾಬಿನ್‌ಗಳನ್ನು ಎರಡು ಜೋಡಿಯಾಗಿ ಹಿಡಿದುಕೊಳ್ಳುತ್ತೀರಿ. ನಡುವಿನ ಎರಡನ್ನು, ಎಡದ್ದು ಬಲದ್ದರ ಮೇಲೆ ಹಾಯುವಂತೆ, ಅದಲುಬದಲು ಮಾಡಿದರೆ ಒಂದು ಚಲನೆ: ದಾಟಿಸುವುದು. ಪ್ರತಿ ಜೋಡಿಯಲ್ಲಿ ಬಲಗಡೆಯದನ್ನು ಎಡಗಡೆಯದರ ಮೇಲೆ ಹಾಯಿಸಿದರೆ ಇನ್ನೊಂದು: ತಿರುಚುವುದು. ದಾಟಿಸಿ ತಿರುಚಿ ದಾಟಿಸಿದರೆ ಬಟ್ಟೆಯಂಥ ದಟ್ಟ ಮೈ ಬರುತ್ತದೆ. ಒಂದು ತಿರುಚು ಹೆಚ್ಚಾದರೆ ಅದೇ ದಾರ ಜಾಲರಿಯಾಗಿ ತೆರೆದುಕೊಳ್ಳುತ್ತದೆ. ಜಗತ್ತಿನ ಬಾಬಿನ್ ಲೇಸೆಲ್ಲ ಈ ಎರಡು ಚಲನೆಗಳ ಮೇಲೆ ನಿಂತಿದೆ.

ಗಟ್ಟಿಯಾಗಿ ತುಂಬಿದ ದಿಂಬಿನ ಮೇಲೆ ಚುಕ್ಕಿ ಚುಚ್ಚಿದ ಕಾಗದ ಹಾಸಿರುತ್ತದೆ. ಚುಕ್ಕಿ ಬಂದಲ್ಲಿ ಗುಂಡುಸೂಜಿ ನೆಟ್ಟು, ಅದರ ಸುತ್ತ ದಾರವನ್ನು ನಿಲ್ಲಿಸಬೇಕು. ಒಂದು ಸಲಕ್ಕೆ ಕೈಯಲ್ಲಿರುವುದು ನಾಲ್ಕೇ ದಾರ, ಉಳಿದವು ದಿಂಬಿನ ಮೇಲೆ ಬೀಸಣಿಗೆಯಂತೆ ಹರಡಿಕೊಂಡು ತಮ್ಮ ಸರದಿ ಕಾಯುತ್ತವೆ. ನಾನು ಮೊದಲು ಕಲಿತಾಗ ನನ್ನ ಮುಂದೆ ಇದ್ದದ್ದು ಹನ್ನೆರಡು ಜೋಡಿ. ಒಂದು ಸಂಜೆಯೆಲ್ಲ ಕುಳಿತು ಬೆರಳಗಲ ಮುಗಿಸಿ, ಮೇಲಿನ ಸಾಲಿನಲ್ಲಿ ಒಂದು ತಿರುಚು ಬಿಟ್ಟಿದ್ದೇನೆಂದು ಗೊತ್ತಾಗಿ, ಬಂದ ದಾರಿಯಲ್ಲೇ ಒಂದೊಂದಾಗಿ ಬಿಚ್ಚುತ್ತ ಹಿಂದಕ್ಕೆ ಹೋದೆ. ಕೈ ಕೂಡಿದ ಮೇಲೆ ಮರದ ಬಾಬಿನ್‌ಗಳು ಒಂದಕ್ಕೊಂದು ತಾಗುವ ಸದ್ದಿನಲ್ಲೇ ತಪ್ಪು ತಿಳಿಯುತ್ತದೆ. ಲಯ ಮುರಿದಾಗ ಕಣ್ಣಿಗಿಂತ ಮೊದಲು ಕಿವಿ ನಿಲ್ಲುತ್ತದೆ.

ಒಂದು ಕಾಲಕ್ಕೆ ಇದು ಆಸ್ತಿಯಷ್ಟು ದುಬಾರಿಯಾಗಿತ್ತಂತೆ. ಬರೀ ದಾರಕ್ಕೆ ಅಷ್ಟು ಬೆಲೆಯೇ?

ಬೆಲೆ ದಾರಕ್ಕಲ್ಲ, ಹೊತ್ತಿಗೆ. ಫ್ರಾನ್ಸಿನ ಅಲಾಂಸಾನ್ ಸೂಜಿ ಲೇಸಿನಲ್ಲಿ ಒಂದು ಚದರ ಸೆಂಟಿಮೀಟರಿಗೆ ಸುಮಾರು ಏಳು ಗಂಟೆ ಬೇಕು. ಆ ಕೆಲಸವನ್ನು ಪೂರ್ತಿ ಕಲಿಯಲು ಏಳರಿಂದ ಹತ್ತು ವರ್ಷ ಹಿಡಿಯುತ್ತದೆ. 2010ರಲ್ಲಿ ಯುನೆಸ್ಕೋ ಅದನ್ನು ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ನಿಮ್ಮ ಹೆಬ್ಬೆರಳಿನ ಉಗುರನ್ನು ಒಮ್ಮೆ ನೋಡಿಕೊಳ್ಳಿ: ಅಷ್ಟು ಜಾಗಕ್ಕೆ ಒಬ್ಬರ ಇಡೀ ದಿನ.

ಇಷ್ಟು ಹಗುರವಾದ ವಸ್ತುವಿನಲ್ಲಿ ಇಷ್ಟು ಹಣ ಅಡಗಿದ್ದರೆ ಸರ್ಕಾರಗಳು ಸುಮ್ಮನಿರುತ್ತವೆಯೇ? ಇಂಗ್ಲೆಂಡಿನಲ್ಲಿ ಎರಡನೇ ಚಾರ್ಲ್ಸ್ ದೊರೆಯ ಕಾಲದಲ್ಲಿ, 1662ರಲ್ಲಿ, ಹೊರದೇಶದ ಲೇಸ್ ತರುವುದನ್ನು ನಿಷೇಧಿಸಿದರು. ಕಳ್ಳಸಾಗಣೆ ಮಾತ್ರ ಜೋರಾಯಿತು. ಫ್ರಾನ್ಸಿನಲ್ಲಿ 14ನೇ ಲೂಯಿಯ ಮಂತ್ರಿ ಕೋಲ್ಬೆರ್ ಬೇರೆ ಉಪಾಯ ಹೂಡಿದ. ವೆನಿಸಿಗೆ ಹರಿದುಹೋಗುತ್ತಿದ್ದ ಹಣವನ್ನು ತಡೆಯಲು 1665ರಲ್ಲಿ ರಾಜಾಶ್ರಯದ ಲೇಸ್ ಕಾರ್ಖಾನೆಗಳನ್ನು ತೆರೆಸಿ, ಕಲಿಸಲು ವೆನಿಸಿನಿಂದಲೇ ಕುಶಲಕರ್ಮಿಗಳನ್ನು ಕರೆಸಿದ. ಅಲಾಂಸಾನ್ ಹೆಸರು ಮಾಡಿದ್ದು ಅಲ್ಲಿಂದ.

ಕೈಯಲ್ಲಿ ಮಾಡಿದ್ದೋ ಯಂತ್ರದ್ದೋ ಎಂದು ಹೇಗೆ ಗುರುತಿಸುವುದು?

ಒಂದು ಭೂತಗನ್ನಡಿ, ಹಿಂದೆ ಹಾಸಲು ಒಂದು ಕಪ್ಪು ಬಟ್ಟೆ ಸಾಕು. ದಟ್ಟ ಭಾಗದಲ್ಲಿ ಕಾಜಾ ಹೊಲಿಗೆಯ ಕುಣಿಕೆಗಳು ಸಾಲುಸಾಲಾಗಿ ಕಂಡರೆ ಸೂಜಿ ಲೇಸ್. ಎಳೆಗಳು ಒಂದರ ಮೇಲೊಂದು ಕೆಳಗೊಂದು ಹಾಯ್ದು, ಪುಟ್ಟ ನೇಯ್ಗೆಯಂತೆ, ಜಡೆಯಂತೆ ಕಂಡರೆ ಬಾಬಿನ್ ಲೇಸ್. ಯಂತ್ರದ ಅಗ್ಗದ ಲೇಸಿನಲ್ಲಿ ಮೇಲೆಲ್ಲ ಸಣ್ಣ ಸಣ್ಣ ನಾರು ಎದ್ದಿರುತ್ತದೆ. ಅದರಲ್ಲಿ ಒಂದು ಬಗೆಯನ್ನು ಕರಗುವ ಬಟ್ಟೆಯ ಮೇಲೆ ಯಂತ್ರದ ಕಸೂತಿ ಹಾಕಿ, ಆಮೇಲೆ ಬಟ್ಟೆಯನ್ನು ಕರಗಿಸಿ ತೆಗೆದು ಮಾಡುತ್ತಾರೆ.

ನಾನು ನಂಬುವ ಗುರುತು ಇನ್ನೊಂದಿದೆ: ತಪ್ಪು. ಯಂತ್ರ ತಪ್ಪಿದರೆ ಅದೇ ತಪ್ಪು ಅಷ್ಟಷ್ಟೇ ದೂರಕ್ಕೆ ಮತ್ತೆ ಬರುತ್ತದೆ. ಕೈ ತಪ್ಪಿದರೆ ಒಂದೇ ಸಲ. ಗೆಳತಿಯೊಬ್ಬಳು ತನ್ನ ಮನೆಯ ಹಳೆಯ ಕಾಲರ್ ಒಂದನ್ನು ನೋಡಲು ಕೊಟ್ಟಿದ್ದಳು. ಒಂದೇ ಬಗೆಯ ಒಂಬತ್ತು ಹೂಗಳು. ಏಳನೆಯ ಹೂವಿನ ಎರಡು ಎಸಳುಗಳಲ್ಲಿ ಮಾತ್ರ ಹೊಲಿಗೆ ಸಡಿಲ, ದಾರದ ಬಣ್ಣವೂ ಕೂದಲೆಳೆಯಷ್ಟು ಬೇರೆ. ಮೂರನೆಯ ಎಸಳಿಗೆ ಬರುವಷ್ಟರಲ್ಲಿ ಕೈ ಮತ್ತೆ ಬಿಗಿಯಾಗಿದೆ. ಅಲ್ಲಿ ಹಳೆಯ ದಾರ ಮುಗಿದು ಹೊಸದು ಶುರುವಾಗಿತ್ತು. ಆ ಎರಡು ಎಸಳುಗಳನ್ನು ನಾನು ಬಹಳ ಹೊತ್ತು ನೋಡಿದೆ.

ಹಾಗಾದರೆ ಯಂತ್ರದ ಲೇಸ್ ಕಳಪೆಯೇ?

ಆ ಮಾತನ್ನು ನಾನು ಒಪ್ಪುವುದಿಲ್ಲ. 1808ರ ಸುಮಾರಿಗೆ ಜಾನ್ ಹೀತ್‌ಕೋಟ್ ಬಾಬಿನ್ ಲೇಸಿನ ಜಾಲರಿಯನ್ನು ಅನುಕರಿಸುವ ಯಂತ್ರ ಕಟ್ಟಿದ್ದು ಅಸಾಮಾನ್ಯ ಬುದ್ಧಿಯ ಕೆಲಸ. ಕೆಲವೇ ವರ್ಷಗಳಲ್ಲಿ ಜಾನ್ ಲೀವರ್ಸ್ ನಾಟಿಂಗ್‌ಹ್ಯಾಮಿನಲ್ಲಿ ಅದನ್ನು ಇನ್ನೂ ಮುಂದಕ್ಕೆ ಒಯ್ದ. 1816ರಲ್ಲಿ ಯಂತ್ರವಿರೋಧಿ ಲಡ್ಡೈಟರು ಲಾಫ್‌ಬರೋದಲ್ಲಿದ್ದ ಹೀತ್‌ಕೋಟನ ಕಾರ್ಖಾನೆಗೆ ನುಗ್ಗಿ ಯಂತ್ರಗಳನ್ನು ಒಡೆದುಹಾಕಿದರು. ಅವನು ದೂರದ ಡೆವನ್ ಸೀಮೆಯ ಟಿವರ್ಟನ್‌ಗೆ ಹೋಗಿ ಮತ್ತೆ ಶುರುಮಾಡಿದ. ಅರಮನೆಯವರಿಗಷ್ಟೇ ಎಟುಕುತ್ತಿದ್ದ ವಸ್ತು ಯಂತ್ರದಿಂದಾಗಿ ದುಡಿಯುವ ಹೆಣ್ಣುಮಗಳ ಭಾನುವಾರದ ಉಡುಪಿಗೂ ಬಂತು, ಅದು ಸಣ್ಣ ಮಾತಲ್ಲ. ಆದರೆ ಅದೇ ಯಂತ್ರ ಸಾವಿರಾರು ಹೆಂಗಸರ ಕೂಲಿಯನ್ನು ನೆಲಕ್ಕಿಳಿಸಿತು. ಎರಡನ್ನೂ ಒಟ್ಟಿಗೆ ಹೇಳದಿದ್ದರೆ ಅರ್ಧ ಸುಳ್ಳು ಹೇಳಿದಂತೆ.

ಅಜ್ಜಿಯ ಲೇಸ್ ಪೆಟ್ಟಿಗೆಯಲ್ಲಿ ಸಿಕ್ಕಿತು. ಹಳದಿಯಾಗಿದೆ. ತೊಳೆಯಲೇ?

ಮೊದಲು ಏನೂ ಮಾಡಬೇಡಿ. ಬೆಳಕಿನಲ್ಲಿ ಹರಡಿ, ಹರಿದ ಕಡೆ ಇದೆಯೇ ನೋಡಿ. ರೇಷ್ಮೆಯದ್ದಾಗಿದ್ದರೆ ಅಥವಾ ಮುಟ್ಟಿದರೆ ಪುಡಿಯಾಗುವಂತಿದ್ದರೆ ವಸ್ತ್ರ ಸಂರಕ್ಷಣೆ ಬಲ್ಲವರಿಗೆ ತೋರಿಸಿ. ಗಟ್ಟಿಯಾದ ಹತ್ತಿ ಅಥವಾ ಲಿನನ್ ಆದರೆ ಅಗಲವಾದ ತಟ್ಟೆಯಲ್ಲಿ ಉಗುರುಬೆಚ್ಚಗಿನ ನೀರು ಹಾಕಿ, ಬಲೆಯಂಥ ಬಟ್ಟೆಯೊಂದರ ಮೇಲೆ ಮಲಗಿಸಿ ನೆನೆಸಿ. ನೀರು ಹಳದಿಯಾದಾಗ ಬದಲಿಸಿ, ಬೇಕಾದರೆ ಕೊನೆಗೆ ಸೌಮ್ಯವಾದ ಸೋಪು. ಎತ್ತುವಾಗ ಕೆಳಗಿನ ಬಟ್ಟೆಯ ಸಮೇತ ಎತ್ತಬೇಕು, ಏಕೆಂದರೆ ಒದ್ದೆ ಲೇಸ್ ತನ್ನ ಭಾರಕ್ಕೇ ಹರಿಯಬಹುದು. ಹಿಂಡಬೇಡಿ, ಬ್ಲೀಚ್ ಹಾಕಬೇಡಿ. ಒಣಗಿದ ಮೇಲೆ ಮಡಚದೆ, ಆಮ್ಲರಹಿತ ಕಾಗದದಲ್ಲಿ ಸುರುಳಿ ಸುತ್ತಿಡಿ. ಪ್ಲಾಸ್ಟಿಕ್ ಚೀಲ ಬೇಡವೇ ಬೇಡ.

ಸ್ವಲ್ಪ ಹಳದಿ ಉಳಿದರೆ ಉಳಿಯಲಿ ಬಿಡಿ. ಅದು ಅದರ ವಯಸ್ಸು.

## ಉಡುಪಿನಲ್ಲಿ, ಮನೆಯಲ್ಲಿ

ಲೇಸ್ ಹೆಂಗಸರದ್ದು ಎಂದು ಯಾರು ತೀರ್ಮಾನಿಸಿದರು?

ಸುಮಾರು ಎರಡು ಶತಮಾನ ಕಾಲ ಯಾರೂ ಹಾಗೆ ತೀರ್ಮಾನಿಸಿರಲಿಲ್ಲ. 16 ಮತ್ತು 17ನೇ ಶತಮಾನದ ಭಾವಚಿತ್ರಗಳನ್ನು ನೋಡಿ: ದೊರೆಗಳು, ಸೇನಾಪತಿಗಳು, ವ್ಯಾಪಾರಿಗಳು ಕೊರಳಿಗೆ, ಮುಂಗೈಗೆ, ಕೆಲವರು ಬೂಟಿನ ಬಾಯಿಗೂ ಲೇಸ್ ತೊಟ್ಟಿದ್ದಾರೆ. ಗಂಜಿ ಹಾಕಿ ನಿಲ್ಲಿಸಿದ ದೊಡ್ಡ ಕೊರಳಪಟ್ಟಿ ತೊಟ್ಟವನು ತಲೆ ಬಗ್ಗಿಸಿ ದುಡಿಯಲಾರ. ನಾನು ದುಡಿಯಬೇಕಾದವನಲ್ಲ ಎಂಬುದನ್ನು ಅದು ಬಾಯಿಬಿಡದೆ ಸಾರುತ್ತಿತ್ತು. 1692ರ ಸ್ಟೀನ್‌ಕರ್ಕ್ ಯುದ್ಧದಲ್ಲಿ ಫ್ರೆಂಚ್ ಅಧಿಕಾರಿಗಳು ಅವಸರದಲ್ಲಿ ಲೇಸಿನ ಕೊರಳುವಸ್ತ್ರವನ್ನು ಹೇಗೆಂದರೆ ಹಾಗೆ ಸುತ್ತಿಕೊಂಡು ಹೊರಟರೆಂದು ಕಥೆ. ಹಾಗೆ ಸಡಿಲವಾಗಿ ಸುತ್ತುವುದೇ ಆ ಯುದ್ಧದ ಹೆಸರಿನಲ್ಲಿ ಫ್ಯಾಷನ್ನಾಯಿತು. ಫ್ರೆಂಚ್ ಕ್ರಾಂತಿಯ ನಂತರ ಗಂಡಸರ ಉಡುಪು ಕಪ್ಪು, ಬೂದು, ಸರಳತೆಯ ಕಡೆಗೆ ತಿರುಗಿತು. ಲೇಸ್ ಉಳಿದದ್ದು ಹೆಂಗಸರಿಗೆ, ಮಕ್ಕಳಿಗೆ, ಪಾದ್ರಿಗಳಿಗೆ.

ಪಾಶ್ಚಾತ್ಯ ಮದುವೆಯಲ್ಲಿ ಬಿಳಿ ಲೇಸ್ ಏಕೆ ಅಷ್ಟು ಮುಖ್ಯ?

1840ರಲ್ಲಿ ವಿಕ್ಟೋರಿಯಾ ರಾಣಿ ತನ್ನ ಮದುವೆಗೆ ಬಿಳಿ ಉಡುಪಿನ ಮೇಲೆ ಡೆವನ್ ಸೀಮೆಯ ಹಾನಿಟನ್ ಲೇಸ್ ತೊಟ್ಟಳು. ಯಂತ್ರಗಳ ಹೊಡೆತಕ್ಕೆ ಸಿಕ್ಕಿ ಸೊರಗಿದ್ದ ಕೈಕೆಲಸಗಾರರಿಗೆ ಕೆಲಸ ಕೊಡುವುದು ಅದರ ಹಿಂದಿನ ಉದ್ದೇಶಗಳಲ್ಲಿ ಒಂದಾಗಿತ್ತು. ಆ ಮದುವೆಯ ಚಿತ್ರಗಳು ಎಲ್ಲೆಡೆ ಹರಡಿ ಬಿಳಿ ಉಡುಪು, ಲೇಸ್ ಮುಸುಕು ವಾಡಿಕೆಯಾದವು. ಅದಕ್ಕೂ ಮೊದಲು ಯೂರೋಪಿನ ಮದುಮಗಳು ಯಾವ ಬಣ್ಣವನ್ನಾದರೂ ಉಡುತ್ತಿದ್ದಳು. ಅದೇ ವರ್ಷದ ಕೊನೆಗೆ ಹುಟ್ಟಿದ ಮೊದಲ ಮಗುವಿನ ನಾಮಕರಣಕ್ಕೆ ಹೊಲಿಸಿದ ಹಾನಿಟನ್ ಲೇಸಿನ ಅಂಗಿಯನ್ನು ಆ ಮನೆತನದ ಮಕ್ಕಳು 2004ರವರೆಗೂ ತೊಟ್ಟರು. ಆಮೇಲೆ ಅದು ತೀರಾ ಜೀರ್ಣವಾಯಿತೆಂದು ಅದರಂಥದ್ದೇ ಇನ್ನೊಂದನ್ನು ಮಾಡಿಸಿದರು.

ಮುಸುಕಿನ ಅರ್ಥ ಶುದ್ಧತೆ ಎಂದು ಹೇಳಿ ಮುಗಿಸುವುದು ವಾಡಿಕೆ. ನನಗೆ ಅದಕ್ಕಿಂತ ಮುಖ್ಯವೆನಿಸುವುದು ಇನ್ನೊಂದು: ಅವಳ ಮುಖ ಕಾಣುತ್ತದೆ, ಆದರೆ ಪೂರ್ತಿ ಕಾಣುವುದಿಲ್ಲ. ಮದುವೆಯ ಹೊಸ್ತಿಲಲ್ಲಿ ನಿಂತವಳ ಸ್ಥಿತಿಯೂ ಅದೇ. ಅವಳು ಇನ್ನೂ ಇಲ್ಲಿದ್ದಾಳೆ, ಆಗಲೇ ಅಲ್ಲಿದ್ದಾಳೆ.

2011ರಲ್ಲಿ ಬ್ರಿಟನ್ನಿನ ರಾಜಕುಮಾರ ವಿಲಿಯಂನನ್ನು ಕೈಹಿಡಿದ ಕೇಟ್ ಮಿಡ್ಲ್‌ಟನ್ ಮದುವೆಯ ಉಡುಪಿಗೆ ಲೇಸ್ ಹೂಗಳನ್ನು ಕೂರಿಸಿದ ರಾಯಲ್ ಸ್ಕೂಲ್ ಆಫ್ ನೀಡಲ್‌ವರ್ಕ್‌ನವರು ಅರ್ಧ ಗಂಟೆಗೊಮ್ಮೆ ಕೈ ತೊಳೆಯುತ್ತಿದ್ದರು, ಮೂರು ಗಂಟೆಗೊಮ್ಮೆ ಸೂಜಿ ಬದಲಿಸುತ್ತಿದ್ದರು. ಟಿವಿಯಲ್ಲಿ ನೋಡಿದವರ ಕಣ್ಣಿಗೆ ಬಿದ್ದದ್ದು ಉಡುಪು, ನನಗೆ ನೆನಪುಳಿದದ್ದು ಆ ತೊಳೆದ ಕೈಗಳು.

ಕಪ್ಪು ಲೇಸ್ ಶೋಕದ್ದೋ ಶೃಂಗಾರದ್ದೋ? ಎರಡೂ ಹೇಗೆ ಸಾಧ್ಯ?

ಸಾಧ್ಯ, ಏಕೆಂದರೆ ಎರಡೂ ಮರೆಯ ವಿಷಯಗಳು. ವಿಧವೆಯ ಕಪ್ಪು ಮುಸುಕು ಅವಳ ಕಣ್ಣೀರನ್ನು ಊರಿನ ಕಣ್ಣಿನಿಂದ ಕಾಯುತ್ತಿತ್ತು. ಶೃಂಗಾರದಲ್ಲಿ ಅದೇ ಕಪ್ಪು ಜಾಲರಿ ಮೈಯನ್ನು ಮುಚ್ಚಿದಂತೆ ಮಾಡಿ ಕಣ್ಣನ್ನು ಅಲ್ಲಿಗೇ ಕರೆಯುತ್ತದೆ. ಬಿಳಿ ಲೇಸಿನಲ್ಲಿ ದಾರ ಎದ್ದು ಕಾಣುತ್ತದೆ, ಕಪ್ಪು ಲೇಸಿನಲ್ಲಿ ತೂತುಗಳು ಎದ್ದು ಕಾಣುತ್ತವೆ. ಸ್ಪೇನಿನ ಮಂಟಿಲ್ಲಾ ಎಂಬ ತಲೆವಸ್ತ್ರದಲ್ಲಿ ಭಕ್ತಿ, ಶೋಕ, ಚೆಲುವು ಮೂರೂ ಒಂದೇ ಮಡಿಕೆಯಲ್ಲಿ ಸೇರಿಕೊಂಡಿವೆ. ಪೋಪ್ ಅವರ ಭೇಟಿಗೆ ಹೋಗುವ ಹೆಂಗಸರು ಕಪ್ಪು ತೊಡುವುದು ಹಳೆಯ ಶಿಷ್ಟಾಚಾರ. ಬಿಳಿ ತೊಡುವ ಹಕ್ಕು ಕೆಲವೇ ಕ್ಯಾಥೊಲಿಕ್ ರಾಣಿ, ರಾಜಕುಮಾರಿಯರಿಗಷ್ಟೇ.

ಕಿಟಕಿಗೆ ಲೇಸ್ ಪರದೆ ಹಾಕುವುದರಲ್ಲಿ ಅರ್ಥ ಏನಿದೆ?

ಹಗಲಲ್ಲಿ ಒಳಗಿನವರಿಗೆ ಹೊರಗಿನದು ಕಾಣುತ್ತದೆ, ಹೊರಗಿನವರಿಗೆ ಒಳಗಿನದು ಕಾಣುವುದಿಲ್ಲ. ದೀಪ ಹಚ್ಚಿದೊಡನೆ ಇದು ತಿರುಗುಮುರುಗಾಗುತ್ತದೆ. ಕಥೆಗಾರರಿಗೆ ಇಷ್ಟು ಸಾಕು.

## ಪುಟಗಳ ನಡುವೆ

ಹಳೆಯ ಇಂಗ್ಲಿಷ್ ಕಾದಂಬರಿಗಳಲ್ಲಿ ಲೇಸಿನ ವರ್ಣನೆ ಬಂದರೆ ಹಾರಿಸಿ ಓದುತ್ತೇನೆ. ಏನಾದರೂ ಕಳೆದುಕೊಳ್ಳುತ್ತಿದ್ದೇನೆಯೇ?

ಬಹಳಷ್ಟನ್ನು. ಜೇನ್ ಆಸ್ಟೆನ್ ತನ್ನ ಪಾತ್ರಗಳ ಉಡುಪನ್ನು ವರ್ಣಿಸುವುದೇ ಅಪರೂಪ, ಹಾಗಾಗಿ ಅವಳು ಲೇಸ್ ಎಂದಾಗ ಕಿವಿ ನಿಮಿರಬೇಕು. 'ಪ್ರೈಡ್ ಅಂಡ್ ಪ್ರೆಜುಡಿಸ್'ನಲ್ಲಿ ಶ್ರೀಮತಿ ಬೆನೆಟ್ ನೃತ್ಯಕೂಟದಿಂದ ಮರಳಿ ಶ್ರೀಮತಿ ಹರ್ಸ್ಟ್‌ಳ ಗೌನಿನ ಲೇಸಿನ ಬಗ್ಗೆ ಬಾಯಿ ತೆರೆಯುವಷ್ಟರಲ್ಲೇ ಗಂಡ ಅವಳ ಮಾತು ತಡೆಯುತ್ತಾನೆ. ಆ ದಾಂಪತ್ಯ ಎಂಥದ್ದು ಎಂಬುದು ಅರ್ಧಕ್ಕೆ ನಿಂತ ಆ ವಾಕ್ಯದಲ್ಲೇ ಇದೆ. 'ನಾರ್ತ್ಯಾಂಗರ್ ಅಬಿ'ಯಲ್ಲಿ ಹಳೆಯ ಗೆಳತಿ ತನ್ನ ಮಕ್ಕಳ ಪ್ರತಾಪ ಕೊಚ್ಚುತ್ತಿದ್ದರೆ, ಮಕ್ಕಳಿಲ್ಲದ ಶ್ರೀಮತಿ ಆಲನ್ ಕೂತು ಕೇಳಬೇಕಾಗುತ್ತದೆ. ಗೆಳತಿಯ ಮೇಲಂಗಿಯ ಲೇಸ್ ತನ್ನದರ ಅರ್ಧದಷ್ಟೂ ಚೆನ್ನಾಗಿಲ್ಲ ಎಂದು ಕಂಡುಕೊಂಡು ಅವಳು ಸಮಾಧಾನಪಡುತ್ತಾಳೆ. ಓದಿದಾಗಲೆಲ್ಲ ನನಗೆ ಅವಳ ಮೇಲೆ ಮರುಕ ಹುಟ್ಟುತ್ತದೆ.

ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಎಲಿಜಬೆತ್ ಗ್ಯಾಸ್ಕೆಲ್‌ರ 'ಕ್ರ್ಯಾನ್‌ಫರ್ಡ್'ನ ಪ್ರಸಂಗ. ಬಡತನವನ್ನು ಯಾರಿಗೂ ತೋರಗೊಡದ ಶ್ರೀಮತಿ ಫಾರೆಸ್ಟರ್ ತನ್ನ ಅಮೂಲ್ಯ ಲೇಸನ್ನು ಹಾಲಿನಲ್ಲಿ ನೆನೆಹಾಕಿರುತ್ತಾಳೆ. ಬೆಕ್ಕು ಬಂದು ಹಾಲಿನ ಜೊತೆ ಲೇಸನ್ನೂ ನುಂಗಿಬಿಡುತ್ತದೆ. ವೈದ್ಯರ ಮನೆಯಿಂದ ಉದ್ದನೆಯ ಬೂಟೊಂದನ್ನು ತರಿಸಿ, ಪರಚದಂತೆ ಬೆಕ್ಕನ್ನು ಅದರಲ್ಲಿ ಇಳಿಸಿ, ಜೆಲ್ಲಿಯಲ್ಲಿ ವಾಂತಿಯ ಔಷಧ ಕಲಸಿ ತಿನ್ನಿಸುತ್ತಾರೆ. ಲೇಸ್ ಹೊರಬರುತ್ತದೆ. ಅದನ್ನು ಮತ್ತೆ ಮತ್ತೆ ನೆನೆಸಿ, ಲ್ಯಾವೆಂಡರ್ ಪೊದೆಯ ಮೇಲೆ ಬಿಸಿಲಿಗೆ ಹರಡುತ್ತಾರೆ. ಕಥೆ ಹೇಳುವಾಗ ಅವಳ ಕೊರಳಲ್ಲಿರುವುದೂ ಅದೇ ಲೇಸ್. ನಗು ಬರುವ ಪ್ರಸಂಗ, ನಿಜ. ಆದರೆ ಮರ್ಯಾದೆಯ ಕೊನೆಯ ತುಂಡನ್ನು ಬೆಕ್ಕಿನ ಹೊಟ್ಟೆಯಿಂದಲಾದರೂ ಮರಳಿ ಪಡೆಯುತ್ತೇನೆ ಎನ್ನುವ ಹಟವೂ ಅಲ್ಲಿದೆ. ವರ್ಣನೆಯನ್ನು ಹಾರಿಸಿದರೆ ಅದು ಕೈತಪ್ಪುತ್ತದೆ.

'ಹಳೆಯ ಲೇಸ್' ಎಂದೊಡನೆ ಮುದುಕಿಯರು ಏಕೆ ನೆನಪಾಗುತ್ತಾರೆ?

ಲೇಸ್ ತೊಟ್ಟವರಿಗಿಂತ ಹೆಚ್ಚು ಕಾಲ ಬಾಳುತ್ತದೆ, ಅದಕ್ಕೆ. ಡಿಕನ್ಸ್‌ನ 'ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್'ನಲ್ಲಿ (1860–61) ಮದುವೆಯ ದಿನ ಕೈಬಿಟ್ಟುಹೋದ ವರನಿಗಾಗಿ ತೊಟ್ಟ ಸ್ಯಾಟಿನ್, ಲೇಸ್, ರೇಷ್ಮೆಯನ್ನು ಮಿಸ್ ಹ್ಯಾವಿಶಾಮ್ ತೆಗೆಯುವುದೇ ಇಲ್ಲ. ಗಡಿಯಾರಗಳನ್ನು ಒಂಬತ್ತಕ್ಕೆ ಇಪ್ಪತ್ತು ನಿಮಿಷ ಇರುವಲ್ಲಿಗೆ ನಿಲ್ಲಿಸಿದ್ದಾಳೆ. ಬಟ್ಟೆ ಮಾತ್ರ ನಿಲ್ಲದೆ ಹಳದಿಯಾಗುತ್ತ ಸಾಗಿದೆ. ಗಡಿಯಾರ ನಿಲ್ಲಿಸಿದವಳು ಲೇಸನ್ನು ನಿಲ್ಲಿಸಲಾರದೆ ಹೋದಳು.

1941ರಲ್ಲಿ ರಂಗಕ್ಕೆ ಬಂದ ಜೋಸೆಫ್ ಕೆಸ್ಸೆಲ್ರಿಂಗ್‌ರ 'ಆರ್ಸೆನಿಕ್ ಅಂಡ್ ಓಲ್ಡ್ ಲೇಸ್' ಇದೇ ನೆನಪನ್ನು ತಲೆಕೆಳಗು ಮಾಡಿತು. ಅದರಲ್ಲಿ ಇಬ್ಬರು ಮೃದು ಮಾತಿನ ಹಿರಿಯ ಸಹೋದರಿಯರು ಒಂಟಿ ಮುದುಕರಿಗೆ ವಿಷ ಬೆರೆಸಿದ ಹಣ್ಣಿನ ವೈನ್ ಕೊಡುತ್ತಾರೆ. ನಾಟಕ ಕೆಲಸ ಮಾಡುವುದು ನಾವು ಲೇಸನ್ನು ನಂಬುತ್ತೇವೆ ಎಂಬುದರಿಂದಲೇ.

ಅನುವಾದ ಮಾಡುವಾಗ 'ಗೋಲ್ಡ್ ಲೇಸ್' ಎಂದು ಬಂತು. ಸೈನಿಕನ ಕೋಟಿನಲ್ಲಿ ಚಿನ್ನದ ಜಾಲರಿಯೇ?

ಜಾಲರಿಯಲ್ಲ. ಹಳೆಯ ಇಂಗ್ಲಿಷಿನಲ್ಲಿ ಕೋಟು, ಟೋಪಿ, ಸಮವಸ್ತ್ರದ ಮೇಲಿನ 'ಲೇಸ್' ಎಂದರೆ ಚಿನ್ನ ಅಥವಾ ಬೆಳ್ಳಿಯ ಎಳೆಯ ದಟ್ಟ ಪಟ್ಟಿ. ಕನ್ನಡದಲ್ಲಿ 'ಜರಿಪಟ್ಟಿ' ಎಂದರೆ ಸರಿಹೋಗುತ್ತದೆ. 'ಸ್ಟ್ರೇಟ್ ಲೇಸ್ಡ್' ಎಂದರೆ ಒಳಗವಚದ ಹುರಿಯನ್ನು ಬಿಗಿಯಾಗಿ ಎಳೆದು ಕಟ್ಟಿದ್ದು, ಅಲ್ಲಿಂದ ನೀತಿನಿಯಮಗಳಲ್ಲಿ ಬಿಗಿಯಾದ ವ್ಯಕ್ತಿ. ಇನ್ನು ಜಾಲರಿಯ ಲೇಸನ್ನು 'ಲೇಸ್' ಎಂದೇ ಇಡುವುದು ವಾಸಿ. 'ಕಸೂತಿ' ಎಂದು ಬರೆದರೆ ಓದುಗರ ಕಣ್ಣಿಗೆ ಬೇರೆಯದೇ ವಸ್ತು ಬರುತ್ತದೆ.

ನೊರೆ ಲೇಸಿನಂತೆ, ಹಿಮ ಲೇಸಿನಂತೆ, ಜೇಡರಬಲೆ ಲೇಸಿನಂತೆ... ಈ ಉಪಮೆ ಹಳಸಿಲ್ಲವೇ?

ನೋಡದೆ ಬಳಸಿದರೆ ಹಳಸಿದೆ. ಬರೆಯುವವರಿಗೆ ನನ್ನದೊಂದು ಬೇಡಿಕೆ: ಸೂಕ್ಷ್ಮವಾದದ್ದಕ್ಕೆಲ್ಲ ಲೇಸ್ ಎನ್ನಬೇಡಿ. ಲೇಸ್ ದುರ್ಬಲವಲ್ಲ. ಒಂದು ಎಳೆ ತುಂಡಾದರೆ ಸುತ್ತಲಿನ ತಿರುಚುಗಳು ಅದನ್ನು ಹಿಡಿದುಕೊಳ್ಳುತ್ತವೆ. ಆ ಬಿಗಿತ, ಆ ಲೆಕ್ಕಾಚಾರ, ಬೇಕೆಂದೇ ಬಿಟ್ಟ ಖಾಲಿ ಜಾಗ ನಿಮ್ಮ ಉಪಮೆಯಲ್ಲಿ ಇದ್ದರೆ ಅದು ಇವತ್ತಿಗೂ ಹೊಸದೇ.

## ಇನ್ನೂ ಆಳಕ್ಕೆ

ಲೇಸ್ ತೊಟ್ಟವರ ಕಥೆಗಳು ಇಷ್ಟಿವೆ. ಮಾಡಿದವರು ಸಾಹಿತ್ಯದಲ್ಲಿ ಎಲ್ಲಿದ್ದಾರೆ?

ಅಂಚಿನಲ್ಲಿದ್ದಾರೆ. ಷೇಕ್ಸ್‌ಪಿಯರ್‌ನ 'ಟ್ವೆಲ್ಫ್ತ್ ನೈಟ್'ನಲ್ಲಿ ಆರ್ಸಿನೋ ಒಂದು ಹಳೆಯ ಹಾಡು ಕೇಳಬಯಸುತ್ತಾನೆ. ಬಿಸಿಲಿಗೆ ಕೂತು ನೂಲುವವರು, ಹೆಣೆಯುವವರು, ಮೂಳೆಗಳಲ್ಲಿ ದಾರ ನೇಯುವ ಹುಡುಗಿಯರು ಹಾಡುವ ಹಾಡು ಅದು ಎನ್ನುತ್ತಾನೆ. ಮೂಳೆಗಳು ಎಂದರೆ ಮೂಳೆಯ ಬಾಬಿನ್‌ಗಳು. ಅರ್ಧ ಸಾಲಿನಲ್ಲಿ ಬಂದು ಹೋಗುತ್ತಾರೆ, ಆದರೆ ನಾಡಿನ ಹಾಡು ಅವರ ಬಳಿ ಇದೆ ಎಂಬುದು ಕವಿಗೆ ಗೊತ್ತಿತ್ತು.

1669–70ರ ಸುಮಾರಿಗೆ ಡಚ್ ಚಿತ್ರಕಾರ ವರ್ಮೀರ್ ಬರೆದ 'ಲೇಸ್ ಹೆಣೆಯುವವಳು' ಚಿತ್ರ ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿದೆ. ಎತ್ತರ 24 ಸೆಂಟಿಮೀಟರಿನಷ್ಟು, ಶಾಲೆಯ ನೋಟ್‌ಬುಕ್ಕಿಗಿಂತ ಸ್ವಲ್ಪ ದೊಡ್ಡದು ಅಷ್ಟೇ. ಹುಡುಗಿ ಬಾಗಿದ್ದಾಳೆ, ಕೈಗಳು ಬಾಬಿನ್ ಮತ್ತು ಗುಂಡುಸೂಜಿಗಳ ಮೇಲಿವೆ. ಎದುರಿನ ಮೆತ್ತೆಯಿಂದ ಕೆಂಪು ಬಿಳಿ ದಾರಗಳು ಹೊರಚೆಲ್ಲಿ, ಬಣ್ಣ ಕರಗಿ ಹರಿದಂತೆ ಮಸುಕಾಗಿವೆ. ಅವಳ ಬೆರಳುಗಳ ನಡುವಿನ ಎರಡು ಎಳೆಗಳು ಮಾತ್ರ ಚೂಪಾಗಿ ಕಾಣುತ್ತವೆ. ಹೆಣೆಯುವವರಿಗೆ ಇದು ಪರಿಚಿತ ನೋಟ. ಕೆಲಸದಲ್ಲಿ ಮುಳುಗಿದಾಗ ಜಗತ್ತು ಕಾಣುವುದು ಹೀಗೆಯೇ.

ಫ್ರೆಂಚ್ ಲೇಖಕ ಪಾಸ್ಕಲ್ ಲೇನೆ 1974ರಲ್ಲಿ ಗಾಂಕೂರ್ ಪ್ರಶಸ್ತಿ ಪಡೆದ ಕಾದಂಬರಿಗೆ ಅದೇ ಹೆಸರಿಟ್ಟರು, ಆದರೆ ಅದರ ನಾಯಕಿ ಲೇಸ್ ಮಾಡುವವಳೇ ಅಲ್ಲ. ಓದಿಕೊಂಡ ಪ್ರಿಯಕರನಿಗೆ ಅವಳ ಮೌನ ಅರ್ಥವಾಗುವುದಿಲ್ಲ.

ಲೇಸ್ ಎಂದಾದರೂ ರಾಜಕೀಯ ಮಾತಾಡಿದೆಯೇ?

ಮೊದಲ ಮಹಾಯುದ್ಧದಲ್ಲಿ ಬೆಲ್ಜಿಯಂ ಜರ್ಮನ್ನರ ವಶವಾದಾಗ ಅಲ್ಲಿನ ಸಾವಿರಾರು ಲೇಸ್ ಕೆಲಸಗಾರ್ತಿಯರಿಗೆ ದಾರವೂ ಇಲ್ಲ, ಮಾರುಕಟ್ಟೆಯೂ ಇಲ್ಲ ಎಂದಾಯಿತು. ಅಮೆರಿಕದ ಹರ್ಬರ್ಟ್ ಹೂವರ್ ನೇತೃತ್ವದ ಪರಿಹಾರ ಸಮಿತಿ ದಾರ ಒಳಗೆ ಹೋಗಲು, ಲೇಸ್ ಹೊರಗೆ ಬರಲು ಅನುಮತಿ ದೊರಕಿಸಿತು. ಹಾಗೆ ಬಂದ ಲೇಸಿನಲ್ಲಿ ಮಿತ್ರರಾಷ್ಟ್ರಗಳ ಲಾಂಛನಗಳು, ಪ್ರಾಂತ್ಯಗಳ ಗುರುತುಗಳು, ಇಸವಿಗಳು ಹೆಣೆದುಕೊಂಡಿದ್ದವು. ಬಾಯಿಬಿಟ್ಟು ಹೇಳಲಾಗದ್ದನ್ನು ಬಿಳಿ ದಾರದಲ್ಲಿ ಹೇಳಿದರು.

ಹತ್ತಿರದ ಕಾಲದ ಉದಾಹರಣೆ ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ರೂತ್ ಬೇಡರ್ ಗಿನ್ಸ್‌ಬರ್ಗ್. ನ್ಯಾಯಮೂರ್ತಿಗಳ ಕರಿ ನಿಲುವಂಗಿ ಗಂಡಸಿನ ಅಂಗಿಯ ಕಾಲರ್, ಟೈ ಕಾಣುವಂತೆ ಹೊಲಿದದ್ದು. ಆ ಜಾಗಕ್ಕೆ ಅವರೂ ಅದೇ ಕೋರ್ಟಿನ ಇನ್ನೊಬ್ಬ ನ್ಯಾಯಮೂರ್ತಿ ಸ್ಯಾಂಡ್ರಾ ಡೇ ಓಕಾನರ್ ಅವರೂ ಹೆಣ್ಣಿನದೆನ್ನುವ ಏನನ್ನಾದರೂ ತರಲು ಬಯಸಿದರು. ಗಿನ್ಸ್‌ಬರ್ಗ್ ಬಳಿ ಲೇಸಿನವು, ಮಣಿಯವು ಹೀಗೆ ಹಲವು ಕೊರಳಪಟ್ಟಿಗಳಿದ್ದವು. ಬಹುಮತದ ತೀರ್ಪು ಓದುವ ದಿನಕ್ಕೊಂದು, ಭಿನ್ನಮತ ಓದುವ ದಿನಕ್ಕೊಂದು. ನೋಡುವವರು ಕೊರಳು ನೋಡಿಯೇ ಮಾತು ಊಹಿಸುತ್ತಿದ್ದರು.

ಲೇಸ್ ಹೆಣೆಯುವುದು ಹೆಂಗಸರ ಬಿಡುವಿನ ಹವ್ಯಾಸ ಎನ್ನುವುದು ಸರಿಯೇ?

ಈ ಪ್ರಶ್ನೆ ಬಂದಾಗಲೆಲ್ಲ ನನಗೆ ನೋವಾಗುತ್ತದೆ. ಇಂಗ್ಲೆಂಡಿನ ಲೇಸ್ ಶಾಲೆಗಳಿಗೆ ಐದಾರು ವರ್ಷದ ಮಕ್ಕಳನ್ನು ಸೇರಿಸುತ್ತಿದ್ದರು. ಕತ್ತಲಾದ ಮೇಲೆ ಒಂದೇ ಮೇಣದ ಬತ್ತಿಯ ಸುತ್ತ ನೀರು ತುಂಬಿದ ಗಾಜಿನ ಬುರುಡೆಗಳನ್ನಿಟ್ಟು, ಅವುಗಳ ಮೂಲಕ ಹಾದುಬಂದ ಬೆಳಕಿನ ಬೊಟ್ಟಿನಲ್ಲಿ ಹಲವರು ಹೆಣೆಯುತ್ತಿದ್ದರು. ಬಿಳಿ ಲೇಸಿಗೆ ಮಸಿ ತಾಗಬಾರದೆಂದು ಒಲೆಯ ಬದಲು ಕೆಂಡದ ಮಡಕೆಯನ್ನು ಕಾಲ ಬಳಿ ಇಟ್ಟುಕೊಳ್ಳುತ್ತಿದ್ದರು. ಗುಂಡುಸೂಜಿಗಳ ಎಣಿಕೆ ತಪ್ಪದಿರಲೆಂದು ಹಾಡುತ್ತಿದ್ದರು. ಅತಿ ನಯವಾದ ಲಿನನ್ ನೂಲು ತುಂಡಾಗದಿರಲೆಂದು ನೂಲುವವರು ತೇವ ತುಂಬಿದ ನೆಲಮಾಳಿಗೆಯಲ್ಲಿ ಕೂರುತ್ತಿದ್ದರು. ಇದನ್ನು ಬಿಡುವು ಎಂದು ಕರೆಯುವುದು ಹೇಗೆ?

ಆ ಕೆಲಸಗಾರ್ತಿಯರ ಬಾಬಿನ್‌ಗಳು ಇಂದಿಗೂ ಉಳಿದಿವೆ. ಮೂಳೆಯ ಕಡ್ಡಿಯ ಮೇಲೆ ಚುಕ್ಕಿಚುಕ್ಕಿಯಾಗಿ ಕೊರೆದು ಬಣ್ಣ ತುಂಬಿದ ಅಕ್ಷರಗಳು: ಪ್ರಿಯಕರನ ಹೆಸರು, ಸತ್ತ ಮಗುವಿನ ಹೆಸರು, ಒಂದು ಇಸವಿ, ಕೆಲವದರಲ್ಲಿ ಊರಿನಲ್ಲಿ ಗಲ್ಲಿಗೇರಿಸಿದವನ ಹೆಸರು. ತುದಿಗೆ ಗಾಜಿನ ಮಣಿಗಳು. ಮಾರಿಹೋದ ಲೇಸಿನ ಮೇಲೆ ಅವಳ ಹೆಸರು ಎಲ್ಲೂ ಇಲ್ಲ. ಅವಳ ಬಳಿ ಉಳಿದದ್ದು ಈ ಕಡ್ಡಿಗಳು, ಅವುಗಳ ಮೇಲೆ ಅವಳು ಕಳೆದುಕೊಂಡವರ ಹೆಸರುಗಳು.

ಇದು ಯೂರೋಪಿನ ಹಳೆಯ ಕಥೆಯಷ್ಟೇ ಅಲ್ಲ. ಆಂಧ್ರದ ನರಸಾಪುರದಲ್ಲಿ ಮಿಷನರಿಗಳು 19ನೇ ಶತಮಾನದಲ್ಲಿ ಕಲಿಸಿದ ಕ್ರೋಶಾ ಲೇಸ್ ಇಂದಿಗೂ ಹೊರದೇಶಗಳಿಗೆ ಹೋಗುತ್ತದೆ. ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ 1982ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿದ್ದು ಇದನ್ನೇ: ಜಗತ್ತಿನ ಮಾರುಕಟ್ಟೆಗೆ ದುಡಿಯುತ್ತಿದ್ದ ಆ ಹೆಂಗಸರನ್ನು ಕೆಲಸಗಾರರೆಂದು ಯಾರೂ ಎಣಿಸಲಿಲ್ಲ. ಮನೆಯಲ್ಲಿ ಕುಳಿತು ಹೊತ್ತು ಕಳೆಯುವ ಗೃಹಿಣಿಯರು ಎಂದರು, ಕೂಲಿಯನ್ನೂ ಆ ಲೆಕ್ಕದಲ್ಲೇ ಕೊಟ್ಟರು.

ನಾನೂ ಕಲಿಯಬೇಕು. ಎಲ್ಲಿಂದ ಶುರುಮಾಡಲಿ?

ಕ್ರೋಶಾ ಬರುತ್ತದೆಯಾದರೆ ಇನ್ನೂ ಸಣ್ಣ ಕಡ್ಡಿ, ಇನ್ನೂ ಸಣ್ಣ ನೂಲಿಗೆ ಇಳಿಯಿರಿ. ಸೂಜಿ ಹಿಡಿದು ಅಭ್ಯಾಸವಿದ್ದರೆ ಕಾಗದದ ಮೇಲೆ ಒಂದು ಎಲೆಯ ಗೆರೆ ಬರೆದು, ಗೆರೆಯ ಮೇಲೆ ದಪ್ಪ ದಾರ ಕೂರಿಸಿ, ಒಳಗೆ ಕಾಜಾ ಹೊಲಿಗೆ ತುಂಬಿ. ಬಾಬಿನ್ ಲೇಸಿಗೆ ಗಟ್ಟಿ ದಿಂಬು, ಗುಂಡುಸೂಜಿ, ಆರು ಜೋಡಿ ಬಾಬಿನ್ ಸಾಕು. ಬಾಬಿನ್ ಸಿಗದಿದ್ದರೆ ಬಟ್ಟೆ ಒಣಹಾಕುವ ಮರದ ಕ್ಲಿಪ್ಪಿಗೆ ದಾರ ಸುತ್ತಿಕೊಳ್ಳಿ. ಮೊದಲು ದಪ್ಪ ಹತ್ತಿ ದಾರ, ಜೋಡಿಗೊಂದು ಬಣ್ಣ. ಯಾವ ಎಳೆ ಎಲ್ಲಿಗೆ ಹೋಯಿತೆಂದು ಕಣ್ಣಿಗೆ ತಿಳಿಯುತ್ತದೆ. ದಾಟಿಸಿ, ತಿರುಚಿ, ದಾಟಿಸಿ, ಸೂಜಿ ನೆಡಿ. ಬೆರಳುದ್ದ ಆಗುವವರೆಗೆ ಬಿಚ್ಚಬೇಡಿ. ತಪ್ಪಿದ್ದರೂ ಇರಲಿ, ಆ ತುಂಡನ್ನು ಎತ್ತಿಡಿ, ಕೆಳಗೆ ತಾರೀಕು ಬರೆಯಿರಿ.